ತಡ ಯಾರದು, ವಜಾ ಯಾರಿಗೆ

‘ಮೂರು ವರ್ಷ ಸುಮ್ಮನೆ ಕೂತವರಿಗೆ ಈಗ ಕೋರ್ಟು ನೆನಪಾಯಿತೇ?’ ಸಣ್ಣ ಮೊತ್ತದ ದಾವೆಯೊಂದು ವಾಯಿದೆ ಮೀರಿತೆಂದು ವಜಾ ಆದಾಗ ಜಮಖಂಡಿಯಿಂದ ಬೀಳಗಿಯವರೆಗೆ ಯಾವ ಕೋರ್ಟಿನ ಆವರಣದಲ್ಲಾದರೂ ಕೇಳಿಬರುವ ಮಾತು ಇದು. ಕಕ್ಷಿದಾರನ ಮೇಲೆ ಸಿಟ್ಟಿಲ್ಲದವರೂ ಹೀಗೇ ಹೇಳುತ್ತಾರೆ. ಕಾನೂನು ಎಚ್ಚರಿದ್ದವರಿಗೆ ಮಾತ್ರ ನೆರವಾಗುತ್ತದೆ, ಮಲಗಿದವರಿಗಲ್ಲ ಎನ್ನುವುದು ಅವರ ನಂಬಿಕೆ. ಐವತ್ತು ಸಾವಿರ, ಎಪ್ಪತ್ತು ಸಾವಿರದ ಇಂಥ ದಾವೆಗಳು ಕೋರ್ಟಿನ ಹೊತ್ತು ತಿನ್ನುತ್ತವೆ, ಒಂದಿಷ್ಟು ಬಿಗಿ ಮಾಡಿದರೆ ಜನ ಶಿಸ್ತು ಕಲಿಯುತ್ತಾರೆ ಎನ್ನುವುದು ಅದಕ್ಕೆ ಸೇರಿಕೊಂಡ ಇನ್ನೊಂದು ನಂಬಿಕೆ. ಇವೆರಡೂ ತಪ್ಪು ಎನ್ನುವುದು ನನ್ನ ವಾದ. ನ್ಯಾಯದ ವ್ಯವಹಾರದಲ್ಲಿ ತಡ ಮಾಡುವವರು ಅನೇಕರಿದ್ದಾರೆ. ಕೊಡಬೇಕಾದವನು ತಡ ಮಾಡುತ್ತಾನೆ, ಕಚೇರಿ ತಡ ಮಾಡುತ್ತದೆ, ಸಮನ್ಸ್ ತಡವಾಗುತ್ತದೆ, ಕೋರ್ಟೂ ತಡ ಮಾಡುತ್ತದೆ. ಆದರೆ ತಡಕ್ಕೆ ತನ್ನ ಹಕ್ಕನ್ನೇ ದಂಡವಾಗಿ ತೆರಬೇಕಾದವನು ಇವರಲ್ಲಿ ಒಬ್ಬನೇ, ಕೇಳಲು ಬಂದವನು. ಅದನ್ನು ಶಿಸ್ತು ಎಂದು ಕರೆಯಲು ನನಗೆ ಮನಸ್ಸಿಲ್ಲ.

ರಬಕವಿ-ಬನಹಟ್ಟಿಯ ಮಗ್ಗದ ಲೆಕ್ಕವನ್ನು ಹತ್ತಿರದಿಂದ ನೋಡಿದರೆ ಈ ‘ಮಲಗಿದವನು’ ಯಾರು ಎಂಬುದು ತಿಳಿಯುತ್ತದೆ. ಮಾಲಕ ನೂಲು ಕೊಡುತ್ತಾನೆ, ಕೂಲಿ ನೇಕಾರ ತನ್ನ ಮನೆಯ ಪವರ್‌ಲೂಮಿನಲ್ಲಿ ಸೀರೆ ನೇಯ್ದು ಕೊಡುತ್ತಾನೆ, ಸೀರೆಗೆ ಇಷ್ಟು ಎಂದು ಮಜೂರಿ. ಬಟವಾಡೆಯ ದಿನ ಪೂರ್ತಿ ಹಣ ಬರುವುದಿಲ್ಲ. ಒಂದಿಷ್ಟು ಕೈಗೆ ಬರುತ್ತದೆ, ಒಂದಿಷ್ಟು ಡ್ಯಾಮೇಜಿನ ಹೆಸರಲ್ಲಿ ಕಡಿತ, ಉಳಿದದ್ದು ಬಾಕಿ. ಆ ಬಾಕಿ ಮಾಲಕನ ವಹಿಯಲ್ಲಿ ಇರುತ್ತದೆ. ನೇಕಾರನ ಹತ್ತಿರ ಇರುವುದು ಬಹುಪಾಲು ಒಂದು ಚಿಕ್ಕ ಪುಸ್ತಕ, ಅದರಲ್ಲಿ ಯಾರ ಸಹಿಯೂ ಇಲ್ಲದ ಅಂಕಿಗಳು. ಅವನ ಮನಸ್ಸಿನಲ್ಲಿ ಇದು ಮುಗಿಯದ ಒಂದೇ ಲೆಕ್ಕ. ನೂಲು ಬರುತ್ತಲೇ ಇದೆ, ಸೀರೆ ಹೋಗುತ್ತಲೇ ಇದೆ, ಬಾಕಿ ಎಲ್ಲಿ ಹೋದೀತು? ಆದರೆ 1963ರ ಕಾಲಮಿತಿ ಕಾಯ್ದೆ ಹಾಗೆ ಎಣಿಸುವುದಿಲ್ಲ. ಮಾಡಿದ ಕೆಲಸದ ಕೂಲಿಗೆ ಮೂರು ವರ್ಷ, ಅದೂ ಕೆಲಸ ಮುಗಿದ ದಿನದಿಂದ ಎನ್ನುತ್ತದೆ ಅದರ ಅನುಸೂಚಿಯ 18ನೇ ಅನುಚ್ಛೇದ. ಅಂದರೆ ಒಂದೊಂದು ಲಾಟಿಗೂ ಒಂದೊಂದು ವಾಯಿದೆ. ಸಾಲಗಾರ ಬಾಕಿ ಒಪ್ಪಿಕೊಂಡರೆ ವಾಯಿದೆ ಹೊಸದಾಗಿ ಶುರುವಾಗುತ್ತದೆ ನಿಜ, ಆದರೆ ಆ ಒಪ್ಪಿಗೆ ಬರಹದಲ್ಲಿರಬೇಕು, ಸಹಿ ಇರಬೇಕು, ಮೊದಲಿನ ವಾಯಿದೆ ಮುಗಿಯುವುದರೊಳಗೆ ಆಗಿರಬೇಕು. 18ನೇ ಕಲಮು ಹೇಳುವುದು ಇದನ್ನೇ. ಒಂದಿಷ್ಟು ಹಣ ಕೊಟ್ಟರೂ ವಾಯಿದೆ ಬೆಳೆಯುತ್ತದೆ, ಆದರೆ ಕೊಟ್ಟವನ ಕೈಬರಹವೋ ಸಹಿಯೋ ಬೇಕು ಎನ್ನುತ್ತದೆ 19ನೇ ಕಲಮು. ‘ದೀಪಾವಳಿಗೆ ಕೊಡ್ತೀನಿ’ ಎಂದು ಮೂರು ದೀಪಾವಳಿ ಹೇಳಿದ ಮಾತಿಗೆ ಅಲ್ಲಿ ಬೆಲೆ ಇಲ್ಲ. ಮಾಲಕನ ಎದುರು ಸಹಿಗೆ ಕಾಗದ ಚಾಚಿದ ದಿನ ಮುಂದಿನ ನೂಲು ನಿಲ್ಲುತ್ತದೆಂದು ನೇಕಾರನಿಗೆ ಗೊತ್ತು. ಕೋರ್ಟಿಗೆ ಹೋದ ದಿನ ಮಗ್ಗವೇ ನಿಲ್ಲುತ್ತದೆಂಬುದೂ ಗೊತ್ತು. ಆದ್ದರಿಂದ ಅವನು ಆ ಸಂಬಂಧ ಪೂರ್ತಿ ಮುರಿದ ಮೇಲೆಯೇ ಕೋರ್ಟಿಗೆ ಹೋಗುತ್ತಾನೆ. ಅಷ್ಟರಲ್ಲಿ ಹಳೆಯ ಲಾಟುಗಳ ವಾಯಿದೆ ಒಂದೊಂದಾಗಿ ಮುಗಿದಿರುತ್ತದೆ. ಇದನ್ನು ನಿದ್ದೆ ಎನ್ನುವವರು ಅವನ ಮನೆಯ ಒಲೆಯ ಲೆಕ್ಕ ಕೇಳಿದವರಲ್ಲ.

ಇಲ್ಲಿ ನ್ಯಾಯಾಧೀಶರನ್ನು ದೂರಿ ಫಲವಿಲ್ಲ. ಕಾಯ್ದೆಯ 3ನೇ ಕಲಮಿನ ಪ್ರಕಾರ ಎದುರಾಳಿ ವಾಯಿದೆಯ ಮಾತೇ ಎತ್ತದಿದ್ದರೂ ಕೋರ್ಟು ತಾನಾಗಿ ದಾವೆಯನ್ನು ವಜಾ ಮಾಡಲೇಬೇಕು. ‘ತಕ್ಕ ಕಾರಣ’ ಇದ್ದರೆ ತಡವನ್ನು ಮನ್ನಿಸಲು 5ನೇ ಕಲಮು ಅವಕಾಶ ಕೊಡುತ್ತದೆ, ಆದರೆ ಅದು ಮೇಲ್ಮನವಿಗೆ, ಅರ್ಜಿಗೆ ಮಾತ್ರ; ದಾವೆಗೆ ಇಲ್ಲ. ನೇಕಾರ ಮೂರು ವರ್ಷ ಹಾಸಿಗೆ ಹಿಡಿದಿದ್ದರೂ, 2019ರ ಆಗಸ್ಟಿನ ನೆರೆಯಲ್ಲಿ ಕೃಷ್ಣೆ-ಘಟಪ್ರಭೆಯ ನೀರು ಮನೆ ಹೊಕ್ಕು ಲೆಕ್ಕದ ಪುಸ್ತಕವೇ ಕೊಚ್ಚಿಹೋಗಿದ್ದರೂ, ಅದನ್ನು ಕಿವಿಗೊಟ್ಟು ಕೇಳುವ ಅಧಿಕಾರ ಜಮಖಂಡಿಯ ನ್ಯಾಯಾಧೀಶರಿಗೆ ಇಲ್ಲ. ಅದೇ ಕಾಯ್ದೆಯ 112ನೇ ಅನುಚ್ಛೇದ ತೆರೆದು ನೋಡಿ. ಸರಕಾರ ದಾವೆ ಹೂಡುವುದಾದರೆ ಅದಕ್ಕೆ 30 ವರ್ಷ. ಕಡತ, ಕಾರಕೂನ, ವಕೀಲ ಎಲ್ಲ ಇರುವ ಸರಕಾರಕ್ಕೆ ಮೂವತ್ತು, ಸಹಿಯಿಲ್ಲದ ಪುಸ್ತಕ ಹಿಡಿದ ಮನುಷ್ಯನಿಗೆ ಮೂರು. ಇನ್ನು ಬ್ಯಾಂಕು. ಸಾಲದ ವಾಯಿದೆ ಮುಗಿಯುವ ಮುನ್ನ ಸಾಲಗಾರನನ್ನು ಕರೆಸಿ ಬಾಕಿ ಒಪ್ಪಿದ ಕಾಗದಕ್ಕೆ ಸಹಿ ಪಡೆಯುವುದು ಅದರ ದಿನನಿತ್ಯದ ಕೆಲಸ. ಅದನ್ನೂ ಮರೆತರೆ ಇನ್ನೊಂದು ದಾರಿಯಿದೆ. ವಾಯಿದೆ ಮೀರಿದರೆ ಕೋರ್ಟಿನ ಬಾಗಿಲು ಮುಚ್ಚುತ್ತದೆ, ಸಾಲ ಅಳಿಯುವುದಿಲ್ಲ. ಕೈಯಲ್ಲಿ ಅಡವಿನ ಠೇವಣಿ ಇದ್ದರೆ ಬ್ಯಾಂಕು ಅದರಿಂದ ಮುರಿದುಕೊಳ್ಳಬಹುದು ಎಂದು 1992ರಲ್ಲಿ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಂದಮೇಲೆ ವಾಯಿದೆಯ ಪೆಟ್ಟು ಬೀಳುವುದು ಎಲ್ಲರ ಮೇಲಲ್ಲ. ಕೋರ್ಟು ಬಿಟ್ಟರೆ ಬೇರೆ ದಾರಿಯೇ ಇಲ್ಲದವನ ಮೇಲೆ ಮಾತ್ರ.

ವಾಯಿದೆಯೊಳಗೆ ದಾವೆ ಹಾಕಿದರೆ ಕಷ್ಟ ಮುಗಿಯಿತೇ? ಕರ್ನಾಟಕದ ಕೋರ್ಟ್ ಫೀ ಕಾಯ್ದೆಯ ದರದಂತೆ ₹75,000ದ ವಸೂಲಿ ದಾವೆಗೆ ₹4,875 ಮುದ್ರಾಂಕ ಮೊದಲೇ ಕಟ್ಟಬೇಕು. ಆಮೇಲೆ ಸಮನ್ಸ್. ಪ್ರತಿವಾದಿ ಮನೆಯಲ್ಲಿ ಇಲ್ಲವೆಂದು ಬೇಲೀಫ್ ಸಮನ್ಸ್ ವಾಪಸ್ ತಂದರೆ, ವಾದಿ ಏಳು ದಿನದೊಳಗೆ ಹೊಸ ಸಮನ್ಸಿಗೆ ಅರ್ಜಿ ಕೊಡಬೇಕು. ಕೊಡದಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಆದೇಶದ 5ನೇ ನಿಯಮದಂತೆ ದಾವೆ ವಜಾ. ಪ್ರತಿವಾದಿ ಬೇಕೆಂದೇ ತಪ್ಪಿಸಿಕೊಂಡು ತಿರುಗುತ್ತಿದ್ದಾನೆಂದು ತೋರಿಸಿದರೆ ಸಮಯ ಸಿಗುತ್ತದೆ, ಆದರೆ ತೋರಿಸುವ ಭಾರವೂ ವಾದಿಯದೇ. ಓಡಿಹೋದವನು ಒಬ್ಬ, ಉತ್ತರ ಕೊಡಬೇಕಾದವನು ಇನ್ನೊಬ್ಬ. ಕರೆಯುವ ಹೊತ್ತಿಗೆ ಪ್ರತಿವಾದಿಯ ವಕೀಲ ಹಾಜರಿದ್ದು ವಾದಿ ಇಲ್ಲದಿದ್ದರೆ 8ನೇ ನಿಯಮದಂತೆ ವಜಾ. ಅದೇ ಕಾರಣಕ್ಕೆ ಹೊಸ ದಾವೆ ಹಾಕುವಂತಿಲ್ಲ. ಮೂವತ್ತು ದಿನದೊಳಗೆ ಅರ್ಜಿ ಹಾಕಿ ಹಳೆಯದನ್ನೇ ಎಬ್ಬಿಸಬೇಕು. ಕಬ್ಬು ಕಡಿಯುವ ಹಂಗಾಮಿನಲ್ಲಿ ಒಂದು ಮುದ್ದತ್ತು ತಪ್ಪಿದವನಿಗೆ, ದಾವೆ ವಜಾ ಆದ ಸುದ್ದಿ ತಿಳಿಯಲೇ ಮೂವತ್ತು ದಿನ ಬೇಕು. ವಕೀಲನ ತಪ್ಪಿಗೆ ಹಳ್ಳಿಯ ಕಕ್ಷಿದಾರನನ್ನು ಶಿಕ್ಷಿಸಬಾರದೆಂದು ಸುಪ್ರೀಂ ಕೋರ್ಟ್ 1981ರಲ್ಲೇ ರಫೀಕ್ ವಿರುದ್ಧ ಮುನ್ಷಿಲಾಲ್ ಪ್ರಕರಣದಲ್ಲಿ ಹೇಳಿದೆ. ಆದರೆ ಆ ತೀರ್ಪಿನ ಬಲ ಪಡೆಯಲು ಮೇಲಿನ ಕೋರ್ಟಿಗೆ ಹೋಗಬೇಕಲ್ಲ! ₹25,000ಕ್ಕೆ ಮೀರದ ವಸೂಲಿ ದಾವೆಗೆ ಎರಡನೆಯ ಮೇಲ್ಮನವಿಯೇ ಇಲ್ಲ. ಮೊತ್ತ ಚಿಕ್ಕದಾದಷ್ಟೂ ತಪ್ಪು ತಿದ್ದುವ ಅವಕಾಶವೂ ಕಡಿಮೆಯಾಗುತ್ತದೆ. ಎದುರಿನವನಿಗೆ ಇದೇ ಸಂಹಿತೆ ಎಷ್ಟು ಸಡಿಲವಾಗಿದೆ ನೋಡಿ. ಪ್ರತಿವಾದಿ 30 ದಿನದಲ್ಲಿ, ಹೆಚ್ಚೆಂದರೆ 90 ದಿನದಲ್ಲಿ ಲಿಖಿತ ಹೇಳಿಕೆ ಕೊಡಬೇಕೆಂದು 8ನೇ ಆದೇಶ ಹೇಳುತ್ತದೆ. ಸಾಮಾನ್ಯ ದಾವೆಗಳಲ್ಲಿ ಇದು ಕಟ್ಟುನಿಟ್ಟಲ್ಲ, ಕಾರಣವಿದ್ದರೆ ಸಡಿಲಿಸಬಹುದು ಎಂದು 2005ರಲ್ಲಿ ಸುಪ್ರೀಂ ಕೋರ್ಟ್ ಅರ್ಥ ಮಾಡಿತು. ಒಬ್ಬ ಪಕ್ಷಗಾರನಿಗೆ ಮೂರಕ್ಕಿಂತ ಹೆಚ್ಚು ಮುಂದೂಡಿಕೆ ಕೊಡಬಾರದೆಂದು 17ನೇ ಆದೇಶದಲ್ಲಿದೆ. ಅದು ಎಷ್ಟು ಪಾಲನೆಯಾಗುತ್ತದೆ ಎಂಬುದು ಕೋರ್ಟಿನ ಕಟ್ಟೆಯ ಮೇಲೆ ಕೂತ ಯಾರಿಗಾದರೂ ಗೊತ್ತು. ಆ ಸಡಿಲಿಕೆಗಳು ತಪ್ಪೆಂದು ನಾನು ಹೇಳುತ್ತಿಲ್ಲ. ಉತ್ತರ ಕೊಡುವವನಿಗೆ ತೋರುವ ಉದಾರತೆ ಕೂಲಿ ಕೇಳುವವನಿಗೆ ಏಕೆ ಇಲ್ಲ ಎನ್ನುತ್ತಿದ್ದೇನೆ.

ಜಮಖಂಡಿ, ಬೀಳಗಿ, ಮುಧೋಳ, ರಬಕವಿ-ಬನಹಟ್ಟಿ, ಈ ನಾಲ್ಕು ತಾಲೂಕುಗಳಿಗೆ ಬಹಳ ಹತ್ತಿರದ ಉದಾಹರಣೆ ಭೂಸ್ವಾಧೀನದ ಪರಿಹಾರ. ಆಲಮಟ್ಟಿಯ ಹಿನ್ನೀರಿಗೆ ಹೊಲ ಕೊಟ್ಟವರು ಬೀಳಗಿಯಲ್ಲಿದ್ದಾರೆ, ಜಮಖಂಡಿ, ಮುಧೋಳದಲ್ಲಿದ್ದಾರೆ. 1894ರ ಭೂಸ್ವಾಧೀನ ಕಾಯ್ದೆಗೆ ಕರ್ನಾಟಕ ಮಾಡಿಕೊಂಡ ತಿದ್ದುಪಡಿಯಂತೆ, ಐತೀರ್ಪಿನ ಮೊತ್ತ ಸಾಲದೆಂದು ರೈತ ನೋಟಿಸು ಮುಟ್ಟಿದ 90 ದಿನದೊಳಗೆ ಅರ್ಜಿ ಕೊಟ್ಟರೆ, ಅಧಿಕಾರಿ 90 ದಿನದೊಳಗೆ ಅದನ್ನು ಕೋರ್ಟಿಗೆ ಕಳಿಸಬೇಕಿತ್ತು. ಕಳಿಸದಿದ್ದರೆ? ಕಳಿಸುವಂತೆ ಆದೇಶ ಮಾಡಿರೆಂದು ರೈತನೇ ಕೋರ್ಟಿಗೆ ಹೋಗಬಹುದಿತ್ತು. ‘ಹೋಗಬಹುದು’ ಎಂದು ಕಾಯ್ದೆಯಲ್ಲಿದ್ದದ್ದು ಆಚರಣೆಯಲ್ಲಿ ‘ಮೂರು ವರ್ಷದೊಳಗೆ ಹೋಗದಿದ್ದರೆ ಹಕ್ಕೇ ಹೋಯಿತು’ ಎಂದಾಯಿತು. 1994ರಲ್ಲಿ ಠಾಕೋರದಾಸ್ ಪ್ರಕರಣ, 2005ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠದ ಮುಂದೆ ಬಂದ ಕರ್ನಾಟಕ ರಾಜ್ಯ ವಿರುದ್ಧ ಲಕ್ಷ್ಮಣ ಪ್ರಕರಣ. ಎರಡೂ ನಮ್ಮ ರಾಜ್ಯದವೇ, ಎರಡರಲ್ಲೂ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ರೈತ ತನ್ನ ಅರ್ಜಿಯನ್ನು ಹೊತ್ತಿಗೆ ಸರಿಯಾಗಿ ಕೊಟ್ಟಿದ್ದಾನೆ. ಕಡತವನ್ನು ಮೇಜಿನ ಮೇಲೆ ಬಿಟ್ಟವನು ಅಧಿಕಾರಿ. ತಡವಾದದ್ದಕ್ಕೆ ಪರಿಹಾರ ಕಳೆದುಕೊಂಡವನು ರೈತ. ಕೋರ್ಟು ಕಾಯ್ದೆಯ ಅಕ್ಷರವನ್ನು ಓದಿತು, ಅಷ್ಟರ ಮಟ್ಟಿಗೆ ಅದನ್ನು ಒಪ್ಪೋಣ. ಆದರೆ ಅಂಥ ಅಕ್ಷರವನ್ನು ಬರೆದಿಟ್ಟು, ಅದರ ಫಲ ಕಂಡ ಮೇಲೂ ತಿದ್ದದೆ ಕೂತದ್ದು ನಮ್ಮದೇ ವಿಧಾನಮಂಡಲ. ಇದರ ಜೊತೆಗೆ ಅದೇ 1894ರ ಕಾಯ್ದೆಯ 28-ಎ ಕಲಮಿನ ಕತೆ ಸೇರಿಸಿ. ಕೋರ್ಟಿಗೆ ಹೋಗಲಾಗದ ಬಡ ರೈತನಿಗೂ ನೆರೆಯವನಿಗೆ ಸಿಕ್ಕ ಹೆಚ್ಚಿನ ದರ ಸಿಗಲೆಂದು 1984ರಲ್ಲಿ ಸಂಸತ್ತು ಅದನ್ನು ತಂದಿತು. ಉದ್ದೇಶ ದೊಡ್ಡದು. ವಾಯಿದೆ ಮಾತ್ರ ನೆರೆಯವನ ತೀರ್ಪಾದ ದಿನದಿಂದ ಮೂರೇ ತಿಂಗಳಿತ್ತು. ಬೇರೆಯವರ ಪ್ರಕರಣದ ತೀರ್ಪು ಎಂದು ಹೊರಬಿತ್ತೆಂದು ಅನಕ್ಷರಸ್ಥ ರೈತನಿಗೆ ಹೇಳುವವರು ಯಾರಿದ್ದರು? ಇನ್ನು ಹೈಕೋರ್ಟಿನ ಸಂಚಾರಿ ಪೀಠ ಧಾರವಾಡಕ್ಕೆ ಬಂದದ್ದು 2008ರಲ್ಲಿ, ಕಾಯಂ ಆದದ್ದು 2013ರಲ್ಲಿ. 2008ರವರೆಗೆ ಬೀಳಗಿಯ ರೈತನ ಮೇಲ್ಮನವಿ ಬೆಂಗಳೂರಿಗೇ ಹೋಗಬೇಕಿತ್ತು, ವಾಯಿದೆ ಮಾತ್ರ ಬೆಂಗಳೂರಿನವನಿಗೆ ಇದ್ದಷ್ಟೇ.

ತಡದ ವಿಷಯದಲ್ಲಿ ಉದಾರವಾಗಿರಬೇಕೆಂದು ವಕೀಲರು ಉದಾಹರಿಸುವ ತೀರ್ಪೊಂದಿದೆ, 1987ರ ಅನಂತನಾಗ ಭೂಸ್ವಾಧೀನ ಕಲೆಕ್ಟರ್ ವಿರುದ್ಧ ಕಟೀಜಿ. ಒಂದೊಂದು ದಿನದ ತಡಕ್ಕೂ ವಿವರಣೆ ಕೇಳುವ ಪಂಡಿತಗಿರಿ ಬೇಡ, ತಡ ಮಾಡಿ ಕಕ್ಷಿದಾರನಿಗೆ ಲಾಭವೇನೂ ಇಲ್ಲ ಎಂದ ತೀರ್ಪು ಅದು. ಅಲ್ಲಿ ತಡವಾಗಿ ಬಂದದ್ದು ರೈತನಲ್ಲ, ಪರಿಹಾರ ಹೆಚ್ಚಾಯಿತೆಂದು ಮೇಲ್ಮನವಿ ಹಾಕಿದ ಸರಕಾರ, ನಾಲ್ಕು ದಿನ ತಡ. 2013ರಲ್ಲಿ ಕಲಬುರಗಿ ಪೀಠದಿಂದ ಹೋದ ಬಸವರಾಜ ಪ್ರಕರಣದಲ್ಲಿ ಹೆಚ್ಚಿನ ಪರಿಹಾರ ಕೇಳಿದವರದು ಐದೂವರೆ ವರ್ಷದ ತಡ, ಕೋರ್ಟು ಒಪ್ಪಲಿಲ್ಲ. ನಾಲ್ಕು ದಿನವನ್ನೂ ಐದೂವರೆ ವರ್ಷವನ್ನೂ ಸಮ ಎನ್ನುವಷ್ಟು ಹಟ ನನಗಿಲ್ಲ. ಸರಕಾರಕ್ಕೂ ಬಿಸಿ ಮುಟ್ಟಿದ್ದುಂಟು. 2012ರಲ್ಲಿ ಅಂಚೆ ಇಲಾಖೆಯ 427 ದಿನದ ತಡವನ್ನು ಸುಪ್ರೀಂ ಕೋರ್ಟ್ ಮನ್ನಿಸಲಿಲ್ಲ. ಆದರೂ ಇಲಾಖೆ ಸೋತರೆ ಯಾವ ಅಧಿಕಾರಿಯ ಮನೆಯ ಊಟವೂ ನಿಲ್ಲುವುದಿಲ್ಲ. ರೈತ ಸೋತರೆ ನಿಲ್ಲುತ್ತದೆ.

ಈಗ ಎದುರು ವಾದಗಳಿಗೆ ಬರೋಣ. ಎಲ್ಲಕ್ಕಿಂತ ಗಟ್ಟಿಯಾದದ್ದು ಇದು: ವಾಯಿದೆ ಇಲ್ಲದಿದ್ದರೆ ಸಾಕ್ಷಿಗಳು ಸಾಯುತ್ತಾರೆ, ಕಾಗದ ಕಳೆಯುತ್ತದೆ, ಸಾವಕಾರರು ಅಜ್ಜನ ಕಾಲದ ಸಾಲಕ್ಕೆ ಮೊಮ್ಮಗನನ್ನು ಹಿಡಿಯುತ್ತಾರೆ, ಬಡವನನ್ನು ಕಾಯುವುದೇ ಈ ವಾಯಿದೆ. ಇದರಲ್ಲಿ ಅರ್ಧ ಸತ್ಯವಿದೆ. ವಾಯಿದೆಯನ್ನೇ ತೆಗೆದುಹಾಕಿ ಎಂದು ನಾನೂ ಹೇಳುವುದಿಲ್ಲ. ಆದರೆ ಚಿಕ್ಕ ವಾಯಿದೆ ಬಡವನನ್ನು ಕಾಯುತ್ತದೆಂಬ ನಂಬಿಕೆ ನಮ್ಮ ಪಕ್ಕದಲ್ಲೇ ಒಮ್ಮೆ ಪರೀಕ್ಷೆಗೆ ಒಳಗಾಗಿ ಸೋತಿದೆ. ಜಮಖಂಡಿ, ಮುಧೋಳಗಳು ಸಂಸ್ಥಾನಗಳಾಗಿದ್ದ ಕಾಲ. ನೆರೆಯ ಮುಂಬಯಿ ಪ್ರಾಂತದಲ್ಲಿ 1859ರ ಕಾಯ್ದೆ ಸಾಲಪತ್ರಕ್ಕೆ ಮೂರು ವರ್ಷದ ಆಯುಷ್ಯ ಇಟ್ಟಿತು. ಬಡ್ಡಿ ಬೆಳೆಯದಿರಲಿ ಎಂಬ ಒಳ್ಳೆಯ ಉದ್ದೇಶ. ಸಾವಕಾರರು ಮಾಡಿದ್ದು ಇಷ್ಟೇ: ಮೂರು ವರ್ಷ ತುಂಬುವ ಮೊದಲು ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು, ಆಮೇಲೆ ಮತ್ತೊಂದು, ಆಮೇಲೆ ಇನ್ನೊಂದು. 1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ಬಂಡೆದ್ದು ವಹಿಗಳನ್ನು, ಪತ್ರಗಳನ್ನು ಸುಟ್ಟರು. 1879ರ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ ರೈತರ ಮೇಲಿನ ಸಾಲದ ದಾವೆಗಳಿಗೆ ವಾಯಿದೆಯನ್ನು ಹೆಚ್ಚಿಸಿಯೇ ಕೊಟ್ಟಿತು. ಚಿಕ್ಕ ವಾಯಿದೆಯನ್ನು ದಾಟುವ ಉಪಾಯ ಬಲ್ಲವನಿಗೆ ಅದು ಯಾವತ್ತೂ ಅಡ್ಡಿಯಾಗಿಲ್ಲ. ಈ ಕಾಯ್ದೆಗಳ ತವರಾದ ಇಂಗ್ಲೆಂಡಿನಲ್ಲೇ ಇವತ್ತು ಕರಾರಿನ ಬಾಕಿಗೆ ಆರು ವರ್ಷ ಇದೆ.

ವಾಯಿದೆ ಸಡಿಲಿಸಿದರೆ ಕೋರ್ಟುಗಳು ಕುಸಿಯುತ್ತವೆ ಎನ್ನುವವರಿಗೆ ಎರಡು ಅನುಭವಗಳನ್ನು ನೆನಪಿಸಬೇಕು. ಕೊರೊನಾ ಕಾಲದಲ್ಲಿ ಸುಪ್ರೀಂ ಕೋರ್ಟ್ 2020ರ ಮಾರ್ಚ್ 15ರಿಂದ 2022ರ ಫೆಬ್ರುವರಿ 28ರವರೆಗಿನ ಅವಧಿಯನ್ನು ದೇಶದ ಎಲ್ಲ ವಾಯಿದೆಗಳಿಂದ ಕಳೆಯಿತು. ಹೆಚ್ಚುಕಡಿಮೆ ಎರಡು ವರ್ಷ. ಆದರೂ ನ್ಯಾಯದಾನ ಮುಳುಗಲಿಲ್ಲ. ದೇಶಕ್ಕೆಲ್ಲ ಬಂದ ಕಷ್ಟಕ್ಕೆ ಮನ್ನಾ ಇದ್ದರೆ ಒಬ್ಬ ಮನುಷ್ಯನಿಗೆ ಬಂದ ಕಷ್ಟವನ್ನು ಕೇಳಿಯಾದರೂ ನೋಡಬಾರದೇ? ಇನ್ನೊಂದು, ಪಗಾರದ್ದು. 1936ರ ವೇತನ ಪಾವತಿ ಕಾಯ್ದೆಯಲ್ಲಿ ಬಾಕಿ ಕೇಳಲು 12 ತಿಂಗಳಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆ ಅದನ್ನು ಮೂರು ವರ್ಷ ಮಾಡಿದೆ, ತಕ್ಕ ಕಾರಣವಿದ್ದರೆ ಅದರಾಚೆಗೂ ಅರ್ಜಿ ತೆಗೆದುಕೊಳ್ಳಬಹುದು ಎಂದಿದೆ. ಅಂದರೆ ಕೂಲಿ ಕೇಳುವವನ ತಡಕ್ಕೆ ಕಾರಣ ಇರುತ್ತದೆಂದು ಸಂಸತ್ತೇ ಒಪ್ಪಿದೆ. ಕಾರಖಾನೆಯ ಕೆಲಸಗಾರನಿಗೆ ಸಿಕ್ಕ ಈ ತಿಳುವಳಿಕೆ, ಅದೇ ಕೆಲಸವನ್ನು ಮನೆಯ ಮಗ್ಗದಲ್ಲಿ ಮಾಡಿ ‘ಕೆಲಸಗಾರನೇ ಅಲ್ಲ’ ಎನಿಸಿಕೊಂಡು ಸಿವಿಲ್ ಕೋರ್ಟಿಗೆ ಬರುವ ಬನಹಟ್ಟಿಯ ನೇಕಾರನಿಗೆ ಮಾತ್ರ ಇಲ್ಲ.

ಲೋಕ ಅದಾಲತ್ ಇದೆಯಲ್ಲ ಎನ್ನುತ್ತಾರೆ. ಇದೆ, ಕೋರ್ಟ್ ಫೀ ವಾಪಸ್ ಕೊಡುತ್ತದೆ, ಬೇಗ ಮುಗಿಸುತ್ತದೆ, ಅದರಿಂದ ಉಪಕಾರವೂ ಆಗಿದೆ. ಆದರೆ ರಾಜಿಗೆ ಕೂತ ಇಬ್ಬರಲ್ಲಿ ಒಬ್ಬನ ದಾವೆಗೆ ವಾಯಿದೆಯ ಕಂಟಕವಿದ್ದರೆ ಅದು ರಾಜಿಯಲ್ಲ, ಸಿಕ್ಕಷ್ಟಕ್ಕೆ ಕೈಯೊಡ್ಡುವುದು. ಕೋರ್ಟಿನ ಹೊರೆಯ ವಾದವೂ ಅಷ್ಟೇ. ಗೈರುಹಾಜರಿಗೆ ವಜಾ ಆದ ದಾವೆ ಲೆಕ್ಕದಲ್ಲಿ ಇತ್ಯರ್ಥವಾದಂತೆ ಕಾಣುತ್ತದೆ. ಆಮೇಲೆ ಪುನಃಸ್ಥಾಪನೆಯ ಅರ್ಜಿ, ಅದಕ್ಕೆ ತಕರಾರು, ತಿರಸ್ಕೃತವಾದರೆ ಮೇಲ್ಮನವಿ. ಒಂದು ಕಡತ ಮೂರಾಗುತ್ತದೆ, ಕೂಲಿಯ ಬಾಕಿ ಇದ್ದಲ್ಲೇ ಇರುತ್ತದೆ. ಇನ್ನು ಕೋರ್ಟಿಗೇ ಬಾರದ ಬಾಕಿಗಳ ಲೆಕ್ಕವನ್ನು ಯಾರೂ ಇಡುವುದಿಲ್ಲ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಕೊಟ್ಟ 14 ದಿನದಲ್ಲಿ ಹಣ ಬರಬೇಕು, ತಡವಾದರೆ ವರ್ಷಕ್ಕೆ ಶೇ 15 ಬಡ್ಡಿ. ಎಕರೆಗೆ 40 ಟನ್, ಟನ್ನಿಗೆ ₹3,000 ಹಿಡಿದರೆ ₹1,20,000. ಮೂರು ತಿಂಗಳ ತಡಕ್ಕೆ ಬಡ್ಡಿ ₹4,500. ಇಷ್ಟಕ್ಕೆ ವಕೀಲರನ್ನು ಹಿಡಿದು, ಮುದ್ದತ್ತಿಗೊಮ್ಮೆ ಕೆಲಸ ಬಿಟ್ಟು ಬರುವ ರೈತ ಮುಧೋಳದಲ್ಲೂ ಇಲ್ಲ, ಮತ್ತೆಲ್ಲೂ ಇಲ್ಲ. ಸಾವಿರಾರು ರೈತರ ಇಂಥ ಚಿಕ್ಕ ಬಾಕಿಗಳು ಒಟ್ಟು ಸೇರಿದರೆ ದೊಡ್ಡ ಮೊತ್ತ. ಅದು ವಾಯಿದೆ ಮೀರಿ ಕರಗಿದಾಗ ಲಾಭ ಯಾರಿಗೆಂದು ಕೇಳುವುದು ತಪ್ಪಲ್ಲ. 2025ರ ನವೆಂಬರಿನಲ್ಲಿ ಮುಧೋಳ ಭಾಗದ ಕಬ್ಬು ಬೆಳೆಗಾರರು ದರಕ್ಕಾಗಿ ಕೋರ್ಟಿಗೆ ಹೋಗಲಿಲ್ಲ, ರಸ್ತೆಗೆ ಇಳಿದರು.

ಮಾಡಬೇಕಾದದ್ದು ಕಠಿಣವೇನಲ್ಲ. ಕಾಲಮಿತಿ ಸಂವಿಧಾನದ ಸಮವರ್ತಿ ಪಟ್ಟಿಯ 13ನೇ ನಮೂದಿನಲ್ಲಿದೆ. ರಾಷ್ಟ್ರಪತಿಗಳ ಅಂಕಿತ ಪಡೆದು ಕರ್ನಾಟಕವೇ ತಿದ್ದುಪಡಿ ತರಬಹುದು. ಕೂಲಿ, ಬೆಳೆಯ ಬೆಲೆ, ಮಾಡಿದ ಕೆಲಸದ ಮಜೂರಿ, ಈ ಮೂರರ ಸಣ್ಣ ದಾವೆಗಳಿಗೆ 5ನೇ ಕಲಮಿನ ಮನ್ನಾ ಅಧಿಕಾರ ಅನ್ವಯವಾಗಲಿ. ಮನ್ನಿಸಲೇಬೇಕೆಂದಲ್ಲ, ಕಾರಣ ಕೇಳುವ ಅಧಿಕಾರವಾದರೂ ನ್ಯಾಯಾಧೀಶರಿಗಿರಲಿ. ಸಾಲ ಕೊಡುವ ಸಂಸ್ಥೆಗಳಿಗೆ ಮೂರು ವರ್ಷವೇ ಇರಲಿ. ಗೈರುಹಾಜರಿಗೆ ವಜಾ ಮಾಡುವ ಮುನ್ನ ವಾದಿಗೇ ನೇರವಾಗಿ ಒಂದು ನೋಟಿಸು, ಫೋನಿಗೆ ಒಂದು ಸಂದೇಶ ಹೋಗಲಿ; ಮೂವತ್ತು ದಿನದ ಲೆಕ್ಕ ಆ ನೋಟಿಸು ಮುಟ್ಟಿದ ದಿನದಿಂದ ಶುರುವಾಗಲಿ. ಎಲ್ಲಕ್ಕಿಂತ ಅವಸರದ್ದು ಭೂಮಿಯ ವಿಷಯ. ಆಲಮಟ್ಟಿಯ ನೀರನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು 2010ರಲ್ಲಿ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ ಒಪ್ಪಿತು. ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ ₹40 ಲಕ್ಷ, ಒಣಭೂಮಿಗೆ ₹30 ಲಕ್ಷ ಎಂದು 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ತೀರ್ಮಾನಿಸಿತು. ಮುಳುಗಡೆಗೆ ಬೇಕಾದದ್ದು ಸುಮಾರು 75,000 ಎಕರೆ. ದರ ಒಪ್ಪದ ರೈತ ಹೋಗಬೇಕಾದ ದಾರಿ 2013ರ ಭೂಸ್ವಾಧೀನ ಕಾಯ್ದೆಯ 64ನೇ ಕಲಮು. ಅಲ್ಲಿಯೂ ಅದೇ ಹಳೆಯ ಅಚ್ಚಿದೆ: ಅಧಿಕಾರಿ 30 ದಿನದಲ್ಲಿ ಅರ್ಜಿಯನ್ನು ಭೂಸ್ವಾಧೀನದ ತಕರಾರು ಕೇಳುವ ಪ್ರಾಧಿಕಾರಕ್ಕೆ ಕಳಿಸಬೇಕು, ಕಳಿಸದಿದ್ದರೆ ರೈತನೇ ಪ್ರಾಧಿಕಾರದ ಮುಂದೆ ಹೋಗಿ ಕೇಳಬೇಕು. ಠಾಕೋರದಾಸ್, ಲಕ್ಷ್ಮಣ ಪ್ರಕರಣಗಳಲ್ಲಿ ಆದದ್ದು ಬೀಳಗಿ, ಜಮಖಂಡಿಯಲ್ಲಿ ಮತ್ತೆ ಆಗಬಾರದೆಂದಿದ್ದರೆ, 30 ದಿನ ಕಳೆದ ಕೂಡಲೇ ಅರ್ಜಿ ಪ್ರಾಧಿಕಾರಕ್ಕೆ ತಲುಪಿದಂತೆಯೇ ಎಂಬ ಒಂದು ಸಾಲನ್ನು ರಾಜ್ಯ ಸರಕಾರ ಕಾಯ್ದೆಗೆ ಸೇರಿಸಬೇಕು. ಐತೀರ್ಪಿನ ನೋಟಿಸಿನಲ್ಲಿ ಕೊನೆಯ ದಿನಾಂಕವನ್ನು ದಪ್ಪ ಕನ್ನಡ ಅಕ್ಷರದಲ್ಲಿ ಬರೆಯಬೇಕು, ಅರ್ಜಿ ಕೊಟ್ಟವನಿಗೆ ಅಲ್ಲೇ ದಿನಾಂಕ ಹಾಕಿದ ರಸೀದಿ ಕೊಡಬೇಕು. ಉಳಿದ ಐತೀರ್ಪುಗಳು ಹೊರಬೀಳುವ ಮೊದಲೇ ಇದು ಆಗಬೇಕು.